ಫೋನು ಹಿಡ್ಕೊಳ್ಳೋಕೆ ಮನುಷ್ಯರು ಬೇಡ

ರಾಗಿ ಪೈರಿನ ಬಗ್ಗೆ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಭಾನುವಾರ ನಮ್ಮ ಕೊಟ್ಟಿಗೆಗೆ ಬಂದಿದ್ದ ಪಕ್ಕದ ತೋಟದ ಅಣ್ಣ ಒಬ್ಬರು, ಕಂಬಕ್ಕೆ ಸುತ್ತಿಕೊಂಡಿದ್ದ ಕಪ್ಪು ಕಾಲಿನ ಸಾಮಾನು ನೋಡಿ, "ಇದೇನಪ್ಪ, ಕೊಟ್ಟಿಗೇಲೂ ರೀಲ್ಸ್ ಶುರು ಮಾಡಿದ್ರಾ?" ಅಂತ ನಕ್ಕರು. ಅವರ ಜತೆ ಬಂದಿದ್ದ ಇಬ್ಬರೂ ನಕ್ಕರು. ನಾನೂ ನಕ್ಕೆ. ಆಮೇಲೆ ಟೀ ಕುಡೀತಾ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೀತಿದೀನಿ. ಹೇಳದೆ ಬಿಟ್ಟಿದ್ದನ್ನೂ ಬರೀತೀನಿ. ಎದುರೆದುರಿಗೆ ಹೇಳೋಕೆ ನಾಚಿಕೆ ಆಗಿತ್ತು.

ಆ ಸಾಮಾನು ಏನೂ ದೊಡ್ಡದಲ್ಲ. ಫೋನ್ ನಿಲ್ಲಿಸೋ ಸ್ಟ್ಯಾಂಡು. ಮೂರು ಕಾಲು, ಹೇಗೆ ಬೇಕಾದ್ರೂ ಬಗ್ಗುತ್ತೆ, ಮೇಲೊಂದು ಹಿಡಿ. ಅದರಲ್ಲಿ ಫೋನು ಸಿಕ್ಕಿಸಿದ್ರೆ ನಿಲ್ಲುತ್ತೆ, ಅಷ್ಟೆ. ಮನೇಲಿ ಇನ್ನೊಂದಿದೆ, ಮಡಚಿದ್ರೆ ಅಂಗೈಯಷ್ಟು ಆಗೋ ಪ್ಲಾಸ್ಟಿಕ್ಕಿಂದು. ಎರಡಕ್ಕೂ ಸೇರಿ ನಾನು ಕೊಟ್ಟಿರೋದು ನಾನ್ನೂರು ರೂಪಾಯಿ ಒಳಗೆ. ಒಂದು ಮರ ಹತ್ತಿಸಿ ಕಾಯಿ ಕೆಡವಿಸೋ ಕೂಲಿ ಲೆಕ್ಕ ಹಾಕೋ ನಾವು, ಇಂಥದ್ದಕ್ಕೆ ದುಡ್ಡು ಕೊಡೋಕೆ ಹಿಂದೆ ಮುಂದೆ ನೋಡ್ತೀವಿ. ನಾನೂ ನೋಡಿದ್ದೆ. "ಕೈ ಇಲ್ವಾ ಹಿಡ್ಕೊಳ್ಳೋಕೆ" ಅಂತ ಮಗನಿಗೆ ಬೈದಿದ್ದೆ ಕೂಡ.

ಕೈ ಇತ್ತು ನಿಜ. ಆದರೆ ಯಾರ ಕೈ ಅನ್ನೋದನ್ನ ಯೋಚನೆ ಮಾಡಿರಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಮಳೆಗಾಲ, ರಾತ್ರಿ ಹನ್ನೊಂದರ ಸುಮಾರು. ನಮ್ಮ ಎಚ್.ಎಫ್. ಕ್ರಾಸ್ ಹಸು, ಮೊದಲನೇ ಕರು. ಸಂಜೆಯಿಂದ ಎದ್ದು ಮಲಗಿ ಎದ್ದು ಮಲಗಿ ಮಾಡ್ತಿತ್ತು. ನೀರಿನ ಚೀಲ ಒಡೆದು ಮುಕ್ಕಾಲು ಗಂಟೆ ಆದರೂ ಒಂದೇ ಕಾಲು ಕಾಣ್ತಿದೆ. ಒಂದು ಗೊರಸು, ಹಿಂದೆ ಮೂತಿ. ಇನ್ನೊಂದು ಕಾಲು ಇಲ್ಲ. ದನ ಸಾಕಿದವರಿಗೆ ಗೊತ್ತು, ಸರಿಯಾಗಿ ಬರ್ತಿರೋ ಕರು ಅಂದ್ರೆ ಎರಡು ಮುಂಗಾಲು, ಅದರ ಮೇಲೆ ತಲೆ ಇಟ್ಟುಕೊಂಡು, ನೀರಿಗೆ ಧುಮುಕೋ ಥರ ಬರಬೇಕು. ಒಂದು ಕಾಲು ಒಳಗೇ ಮಡಚಿಕೊಂಡಿದ್ರೆ ಎಷ್ಟು ಎಳೆದ್ರೂ ಬರಲ್ಲ, ಎಳೆಯೋದೇ ತಪ್ಪು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಊರಲ್ಲಿ ಇನ್ನೊಂದು ದನದ ಹತ್ತಿರ ಇದ್ರು. "ನಾನು ಹೊರಡೋಕೆ ಒಂದು ಗಂಟೆ ಆಗುತ್ತೆ ಗೌಡ್ರೆ, ವಿಡಿಯೋ ಕಾಲ್ ಹಾಕಿ, ನೋಡಿ ಹೇಳ್ತೀನಿ" ಅಂದ್ರು. ಅವರ ತಪ್ಪಿಲ್ಲ, ಒಬ್ಬರಿಗೆ ಎರಡು ದೇಹ ಇರಲ್ಲ. ವಿಡಿಯೋ ಹಾಕಿದ್ವಿ. ಫೋನು ಯಾರು ಹಿಡೀಬೇಕು? ಮಗ ಹಾಸ್ಟೆಲ್ಲಲ್ಲಿ. ಅವ್ವನಿಗೆ ಕೈನಡುಕ. ಉಳಿದಿದ್ದು ನಮ್ಮ ಮನೆಯವಳು. ಒಂದು ಕೈಲಿ ಫೋನು, ಇನ್ನೊಂದು ಕೈಲಿ ಬ್ಯಾಟರಿ. ನಾನು ಸೋಪು ಹಚ್ಚಿ ಮೊಣಕೈವರೆಗೆ ತೊಳ್ಕೊಂಡು ಹಸು ಹಿಂದೆ ಕೂತೆ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಕೊಟ್ಟಿಗೇಲಿ ದಿನಕ್ಕೆರಡು ಸಲ ಹಾಲು ಕರೆಯೋಳು ಅವಳು. ಹಸು ಬೆದೆಗೆ ಬಂದಿದ್ದು, ಮೇವು ಬಿಟ್ಟಿದ್ದು, ಕೆಚ್ಚಲು ಗಟ್ಟಿ ಆಗಿದ್ದು, ಎಲ್ಲ ಮೊದಲು ಗೊತ್ತಾಗೋದು ಅವಳಿಗೆ. ತವರುಮನೇಲಿ ಅವರಪ್ಪನ ಜತೆ ಎಷ್ಟೋ ಹೆರಿಗೆ ನೋಡಿದಾಳೆ. ಕೈ ಸಣ್ಣದು, ನನ್ನ ಕೈ ಥರ ಗುದ್ದಲಿ ಹಿಡಿ ಆಗಿಲ್ಲ. ನಾನು ತೋಟದ ಮನುಷ್ಯ, ದನದ ವಿಷಯದಲ್ಲಿ ಡೈರಿಯಿಂದ ದುಡ್ಡು ಬಂದಾಗ ಮಾತ್ರ ಮಾತಾಡೋನು. ಆದರೂ ಆ ರಾತ್ರಿ ಹಸು ಹಿಂದೆ ನಾನು ಕೂತೆ, ಅವಳು ಫೋನು ಹಿಡಿದು ನಿಂತಳು. ಯಾರೂ ಹಾಗೆ ತೀರ್ಮಾನ ಮಾಡಲಿಲ್ಲ. ತಾನಾಗೇ ಆಯ್ತು. ಗಂಡಸು ಕೆಲಸಕ್ಕೆ, ಹೆಂಗಸು ಹಿಡ್ಕೊಳ್ಳೋಕೆ.

ಡಾಕ್ಟ್ರು ಆ ಕಡೆಯಿಂದ, "ಅಮ್ಮ, ಫೋನ್ ಸ್ವಲ್ಪ ಕೆಳಗೆ... ಇನ್ನೂ ಕೆಳಗೆ... ಬರೀ ಬೆಳಕು ಕಾಣ್ತಿದೆ" ಅಂತಿದ್ರು. ನಾನು ಈ ಕಡೆಯಿಂದ, "ನೆಟ್ಟಗೆ ಹಿಡ್ಕೊಳೇ" ಅಂತ ಕೂಗ್ತಿದ್ದೆ. ಹಸು ಒಂದು ಸಲ ಜೋರಾಗಿ ಮುಕ್ಕಿ ಹಿಂಗಾಲು ಝಾಡಿಸ್ತು. ಫೋನು ಗಂಜಲದ ಕಾಲುವೆಗೆ ಬಿತ್ತು. ಕಾಲ್ ಕಟ್ ಆಯ್ತು. ಒರೆಸಿ, ಆನ್ ಮಾಡಿ, ನೆಟ್‌ವರ್ಕ್ ಸಿಕ್ಕಿ, ಮತ್ತೆ ಡಾಕ್ಟ್ರು ಮುಖ ಕಾಣೋಕೆ ಹತ್ತು ನಿಮಿಷ ಹೋಯ್ತು. ಆ ಹತ್ತು ನಿಮಿಷದಲ್ಲಿ ನಾನು ಬೈದಿದ್ದನ್ನ ಇಲ್ಲಿ ಬರೆಯಲ್ಲ.

ಕೊನೆಗೆ ಡಾಕ್ಟ್ರೇ ಬಂದು ತೆಗೆದ್ರು. ಹಸು ಉಳೀತು. ಕರು ಉಳೀಲಿಲ್ಲ. ಹೆಣ್ಣು ಕರು, ಹಣೇಲಿ ಬಿಳಿ ಚುಕ್ಕೆ ಇತ್ತು.

ಬೆಳಿಗ್ಗೆ ಊರಲ್ಲಿ ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ: "ಫೋನು ಬೀಳಿಸಿಬಿಟ್ಳು, ಇಲ್ಲಾಂದ್ರೆ ಉಳೀತಿತ್ತು." ಒಂದು ತಿಂಗಳು ಹಾಗೇ ಹೇಳ್ಕೊಂಡು ತಿರುಗಿದೆ. ಅವಳು ಏನೂ ಅನ್ನಲಿಲ್ಲ. ಆಮೇಲೆ ಒಂದಿನ ಸಂತೆಯಿಂದ ಬಂದೋಳು ಈ ಕಪ್ಪು ಕಾಲಿನ ಸ್ಟ್ಯಾಂಡನ್ನ ಜಗಲಿ ಮೇಲಿಟ್ಟು, "ಮುಂದಿನ ಸಲ ಇದಕ್ಕೆ ಬೈಯಿರಿ. ನಾನು ಹಸು ಹತ್ರ ಇರ್ತೀನಿ" ಅಂದ್ಳು. ಅಷ್ಟೇ ಮಾತು. ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ ಅವತ್ತು.

ಫೋನು ಬೀಳದೆ ಇದ್ದಿದ್ರೆ ಕರು ಉಳೀತಿತ್ತಾ? ಡಾಕ್ಟ್ರನ್ನ ಆಮೇಲೆ ಕೇಳಿದೆ. "ಹೇಳೋಕಾಗಲ್ಲ ಗೌಡ್ರೆ, ನೀವು ಫೋನ್ ಮಾಡಿದಾಗಲೇ ತಡ ಆಗಿತ್ತೇನೋ" ಅಂದ್ರು. ಅದನ್ನೂ ಬರೀಬೇಕು. ತಡ ಮಾಡಿದ್ದು ನಾನು. ಸಂಜೆಯೇ ಅವಳು "ಡಾಕ್ಟ್ರಿಗೊಂದು ಮಾತು ಹೇಳಿಡ್ರಿ" ಅಂದಿದ್ದಳು.

ಹೋದ ತಿಂಗಳು ಅದೇ ಹಸು ಎರಡನೇ ಕರು ಹಾಕ್ತು. ಈ ಸಲ ಮೊದಲೇ ಸಿದ್ಧ. ಸ್ಟ್ಯಾಂಡಿನ ಕಾಲನ್ನ ಕಂಬಕ್ಕೆ ಎದೆ ಮಟ್ಟದಲ್ಲಿ ಸುತ್ತಿ, ಮೇಲಿಂದ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಫೋನು ಸಿಕ್ಕಿಸಿ, ಹಗಲೇ ಒಂದು ಸಲ ಕಾಲ್ ಹಾಕಿ ಏನು ಕಾಣುತ್ತೆ ಅಂತ ನೋಡಿದ್ವಿ. ಎಲ್.ಇ.ಡಿ. ಬಲ್ಬನ್ನ ಫೋನಿನ ಹಿಂದೆ ಬರೋ ಹಾಗೆ ಕಟ್ಟಿದ್ವಿ, ಎದುರಿಗೆ ಕಟ್ಟಿದ್ರೆ ಆ ಕಡೆಯವರಿಗೆ ಬರೀ ಕತ್ತಲೆ ಕಾಣೋದು. ಹಸು ಹಿಂದೆ ಅವಳು ಕೂತಳು. ನಾನು ಅವಳು ಹೇಳಿದ್ದು ಕೊಡೋ ಆಳು: ಬಿಸಿನೀರು, ಹಗ್ಗ, ಗೋಣಿಚೀಲ. ಎರಡು ಗೊರಸು, ಮೂತಿ, ಎಲ್ಲ ಸರಿಯಾಗೇ ಬಂತು. ಡಾಕ್ಟ್ರು ಫೋನಲ್ಲಿ ನೋಡ್ತಾ, "ನೀವು ಸುಮ್ನಿರಿ ಸಾಕು, ಅದೇ ಹಾಕುತ್ತೆ. ಹಸು ಮುಕ್ಕಿದಾಗ ಮಾತ್ರ ಕೆಳಮುಖವಾಗಿ ಎಳೀರಿ" ಅಂದ್ರು. ಇಪ್ಪತ್ತು ನಿಮಿಷದಲ್ಲಿ ಕರು ನೆಲದಲ್ಲಿತ್ತು. ಸ್ಟ್ಯಾಂಡಿನಿಂದ ಕರು ಉಳೀತು ಅಂತ ನಾನು ಹೇಳಲ್ಲ, ಕರು ಸರಿಯಾಗಿ ಬಂದಿದ್ದಕ್ಕೆ ಉಳೀತು. ಆದರೆ ಆ ಇಪ್ಪತ್ತು ನಿಮಿಷ ನಮ್ಮ ಕೊಟ್ಟಿಗೇಲಿ ಯಾರೂ ಯಾರಿಗೂ ಕೂಗಲಿಲ್ಲ.

ಅದಕ್ಕೇ ಈ ಬರಹ. ನಮ್ಮ ಕಡೆ ಪ್ರತಿ ಮನೇಲೂ ಫೋನು ಹಿಡಿದು ನಿಲ್ಲೋ ಒಬ್ಬರು ಇದಾರೆ. ಒಂದು ಸಲ ನೆನಪು ಮಾಡ್ಕೊಳ್ಳಿ ಯಾರು ಅಂತ. ಔಷಧಿ ಅಂಗಡಿಯವರ ಜತೆ ವಿಡಿಯೋದಲ್ಲಿ ಮಾತಾಡುವಾಗ, ಬೋರ್‌ವೆಲ್ ಮೋಟಾರ್ ಬಿಚ್ಚುವಾಗ ಮೆಕ್ಯಾನಿಕ್ಕಿಗೆ ತೋರಿಸೋಕೆ, ಡ್ರಿಪ್ ಫಿಲ್ಟರ್ ಜೋಡಿಸೋ ವಿಡಿಯೋ ನೋಡ್ತಾ ಕೆಲಸ ಮಾಡುವಾಗ, ಹೆಂಡತಿಯೋ, ಮಗಳೋ, ಸ್ಕೂಲಿಗೆ ಹೊರಟಿರೋ ಹುಡುಗನೋ ಪಕ್ಕದಲ್ಲಿ ನಿಂತಿರ್ತಾರೆ. ಅರ್ಧ ಗಂಟೆ, ಒಂದು ಗಂಟೆ. ಅವರ ಕೆಲಸ ಕೆಲಸ ಅಲ್ಲ, ಅವರ ಕೈನೋವು ನೋವಲ್ಲ. ಅಲುಗಿದ್ರೆ ಬೈಗುಳ ಬೇರೆ. ನೂರಿಪ್ಪತ್ತು ರೂಪಾಯಿ ಪ್ಲಾಸ್ಟಿಕ್ ಮಾಡೋ ಕೆಲಸಕ್ಕೆ ಒಂದು ಆಳನ್ನ ಬಿಟ್ಟಿ ನಿಲ್ಲಿಸ್ಕೊಂಡಿದೀವಿ. ಇವತ್ತು ಆಳು ಎಷ್ಟು ಕೇಳ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನನ್ನ ಮಗಳ ವಿಷಯ ಇನ್ನೂ ಹಿಂದಿನದು. 2020ರಲ್ಲಿ ಸ್ಕೂಲು ಮುಚ್ಚಿದಾಗ ಫೋನಲ್ಲಿ ಪಾಠ. ಸಿಗ್ನಲ್ ಸಿಗ್ತಿದ್ದದ್ದು ತಾರಸಿ ಮೇಲೆ, ಅದೂ ನೀರಿನ ಟ್ಯಾಂಕಿನ ಪಕ್ಕ. ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ಫೋನ್ ಇಡೋಳು. ಗಾಳಿ ಬಂದ್ರೆ ಬೀಳೋದು. ಎಡಗೈಲಿ ಫೋನು ಹಿಡಿದು ಬಲಗೈಲಿ ಬರೆಯೋಳು, ಪುಸ್ತಕ ಹಾರದ ಹಾಗೆ ಮೊಣಕಾಲು ಊರೋಳು. ನಾನು ಕೆಳಗಿಂದ ನೋಡಿ, "ಪರವಾಗಿಲ್ಲ, ಓದ್ತಿದಾಳೆ" ಅಂದ್ಕೊಂಡೆ. ಆ ವರ್ಷ ತೋಟಕ್ಕೆ ಹೊಸ ಪೈಪ್‌ಲೈನ್ ಹಾಕಿಸಿದೆ. ಕತ್ತರಿಸಿ ಉಳಿದ ಪಿ.ವಿ.ಸಿ. ತುಂಡುಗಳು ಟ್ಯಾಂಕಿನ ಪಕ್ಕದಲ್ಲೇ ಬಿದ್ದಿದ್ವು. ಅದರಲ್ಲಿ ಒಂದನ್ನ ಸ್ಟ್ಯಾಂಡ್ ಮಾಡಿಕೊಡಬಹುದು ಅಂತ ಹೊಳೀಲೇ ಇಲ್ಲ ನನಗೆ. ಈಗ ಹೇಗೆ ಮಾಡೋದು ಗೊತ್ತು, ಕೇಳಿ.

ಮೂರು ಇಂಚಿನ ಪಿ.ವಿ.ಸಿ. ಪೈಪಿನ ಒಂದು ಗೇಣು ತುಂಡು. ಕೆಳಗಡೆ ನೇರ ಕೊಯ್ದು ಸಮ ಮಾಡಿ. ಮೇಲಿನ ಬಾಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಎದುರುಬದುರು ಎರಡು ಗಾಡಿ ಕೊಯ್ಯಿರಿ, ನೇರಕ್ಕಲ್ಲ, ಸ್ವಲ್ಪ ಹಿಂದಕ್ಕೆ ವಾಲಿದ ಹಾಗೆ. ಫೋನು ಕವರ್ ಸಮೇತ ಕೂರೋಷ್ಟು ಅಗಲ. ಕೊಯ್ದ ಅಂಚನ್ನ ಮರಳು ಕಾಗದದಲ್ಲಿ ಉಜ್ಜಿ. ಪೈಪಿನೊಳಗೆ ಅರ್ಧಕ್ಕೆ ಮರಳು ತುಂಬಿದ್ರೆ ಗಾಳಿಗೆ ಬೀಳಲ್ಲ. ಖರ್ಚು ಸೊನ್ನೆ. ಇನ್ನೂ ಸುಲಭದ್ದು ನಮ್ಮ ತಿಪಟೂರು ಅರಸೀಕೆರೆ ಕಡೆ ಕಾಲಿಗೆ ಸಿಗುತ್ತೆ: ತೆಂಗಿನ ಗರಿ ಬುಡದ ಅಗಲವಾದ ಮಟ್ಟೆ. ಒಂದು ಗೇಣು ಕಡಿದು, ಬೆನ್ನು ಕೆಳಗೆ ಮಾಡಿಟ್ಟು, ನಡುವೆ ಮಚ್ಚಿನಲ್ಲಿ ಓರೆಯಾಗಿ ಒಂದು ಕಚ್ಚು ಹಾಕಿದ್ರೆ ಆಯ್ತು. ಹಸಿ ಮಟ್ಟೆ ಬೇಡ, ರಸ ಫೋನಿಗೆ ಅಂಟುತ್ತೆ, ಒಣಗಿದ ಮೇಲೆ ಕಚ್ಚು ಸಡಿಲ ಆಗುತ್ತೆ. ಒಣಗಿರೋದನ್ನೇ ತಗೊಳ್ಳಿ. ನಮ್ಮವ್ವ ದೇವರ ಮನೆ ಪಕ್ಕ ಇಟ್ಕೊಂಡಿರೋದು ಇದೇ.

ಕೊಂಡುಕೊಳ್ಳೋದಾದ್ರೆ ನನ್ನ ಅಭಿಪ್ರಾಯ ಹೇಳ್ತೀನಿ. ಮಡಚೋ ಪ್ಲಾಸ್ಟಿಕ್ಕಿಂದು ಮನೆ ಒಳಗೆ, ಟೇಬಲ್ ಮೇಲೆ, ಮಕ್ಕಳ ಓದಿಗೆ ಸರಿ. ಹೊಲಕ್ಕೆ ಬರಲ್ಲ, ಹಗುರ, ಗಾಳಿಗೆ ಹಾರುತ್ತೆ. ಬಗ್ಗೋ ಕಾಲಿಂದೇ ನಮಗೆ ಸರಿ, ಯಾಕಂದ್ರೆ ನಮ್ಮ ಹೊಲದಲ್ಲಿ ಟೇಬಲ್ ಇಲ್ಲ, ಕಂಬ, ಕೊಂಬೆ, ಗೇಟು, ಬೇಲಿ ಇವೆ. ಕೊಳ್ಳುವಾಗ ಕಾಲನ್ನ ಹತ್ತು ಸಲ ಬಗ್ಗಿಸಿ ನೋಡಿ. ಬಿಟ್ಟ ಕೂಡ್ಲೆ ತಾನಾಗೇ ನೆಟ್ಟಗಾದ್ರೆ ಬೇಡ. ಆಳೆತ್ತರದ್ದು, ದುಂಡು ಲೈಟು ಇರೋದು ಮದುವೆ ಫೋಟೋದವರಿಗಿರಲಿ. ಫೋನ್ ಹಿಡಿಯೋ ತಲೆಯ ಕೆಳಗೆ ಒಂದು ಸ್ಕ್ರೂ ತೂತು ಇರುತ್ತಲ್ಲ, ಅದು ಕಾಲು ಇಂಚಿಂದು. ಕ್ಯಾಮೆರಾ ಸ್ಟ್ಯಾಂಡುಗಳಿಗೆಲ್ಲ ಸಾಮಾನ್ಯವಾಗಿ ಅದೇ ಅಳತೆ. ಅಂದ್ರೆ ಕಾಲು ಮುರಿದರೂ ತಲೆ ಎಸೀಬೇಡಿ. ಹಾರ್ಡ್‌ವೇರ್ ಅಂಗಡಿಯ ಕಾಲಿಂಚು ಬೋಲ್ಟನ್ನ ಒಂದು ರೀಪರ್ ಪಟ್ಟಿಗೆ ಹಾಕಿ ಆ ತಲೆ ಕೂರಿಸಿದ್ದೆ, ಸರಿಯಾಗಿ ಕೂತಿದೆ. ಆರು ಎಂ.ಎಂ. ಬೋಲ್ಟು ತಗೊಂಡ್ರೆ ಸಡಿಲ ಆಗುತ್ತೆ, ಅದೊಂದು ನೋಡ್ಕೊಳ್ಳಿ.

ಹೊಲದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು ಫೋಟೋ ತೆಗೆಯೋಕೆ. ಹುಳ ಬಿದ್ದಿದೆ, ಎಲೆ ಒಣಗಿದೆ ಅಂತ ನಾವು ಗ್ರೂಪಿಗೆ ಹಾಕೋ ಫೋಟೋಗಳನ್ನ ಒಂದು ಸಲ ನೀವೇ ನೋಡಿ. ದೂರದಿಂದ ಮರ ಪೂರ್ತಿ, ಹಿಂದೆ ಆಕಾಶ, ಎಲೆ ಕಪ್ಪಗೆ. ಅದನ್ನ ನೋಡಿ ಯಾವ ವಿಜ್ಞಾನಿ ಏನು ಹೇಳೋಕಾಗುತ್ತೆ? ತೆಂಗಿನ ಗರಿ ದೂರದಿಂದ ಸುಟ್ಟ ಹಾಗೆ ಕಂಡರೆ ಕಪ್ಪುತಲೆ ಹುಳು ಇರಬಹುದು, ನೀರಿನ ಕೊರತೆ ಇರಬಹುದು, ಬೇರೆ ಏನಾದ್ರೂ ಇರಬಹುದು. ಗರಿಯ ಅಡಿಭಾಗ ತಿರುಗಿಸಿ ನೋಡಿದ್ರೆ ತಾನೇ ಗೊತ್ತಾಗೋದು. ಕಪ್ಪುತಲೆ ಹುಳು ಎಲೆ ಅಡಿಯಲ್ಲಿ ನೂಲು, ಹಿಕ್ಕೆ ಸೇರಿಸಿ ಗೂಡಿನ ಥರ ಸುರಂಗ ಕಟ್ಟಿ ಅದರೊಳಗೆ ಕೂತು ಹಸಿರು ಕೆರೆದು ತಿನ್ನುತ್ತೆ. ಸುರುಳಿ ಬಿಳಿನೊಣವೂ ಅಡಿಯಲ್ಲೇ, ಆದರೆ ಬಿಳೀ ಮೇಣದ ಪುಡಿ ಸುತ್ತು ಸುತ್ತಾಗಿ ಇರುತ್ತೆ, ಅದರ ಅಂಟು ಕೆಳಗಿನ ಗರಿ ಮೇಲೆ ಬಿದ್ದು ಮಸಿ ಹಿಡಿಯುತ್ತೆ. ಎರಡಕ್ಕೂ ಮಾಡೋ ಉಪಾಯ ಬೇರೆ ಬೇರೆ. ಅಂದಾಜಿನ ಮೇಲೆ ಔಷಧಿ ಹೊಡೆದ್ರೆ, ಹುಳ ತಿನ್ನೋ ಪರಾವಲಂಬಿ ಕೀಟಗಳೂ ಸತ್ತು ಮುಂದಿನ ಸಲ ಇನ್ನೂ ಜಾಸ್ತಿ ಆಗುತ್ತೆ.

ಈ ಅಡಿಭಾಗದ ಫೋಟೋ ಒಂಟಿ ಮನುಷ್ಯನ ಕೈಲಿ ಆಗಲ್ಲ. ಎಲೆ ಬಗ್ಗಿಸಿ ಹಿಡಿಯೋಕೆ ಒಂದು ಕೈ, ಫೋನಿಗೆ ಒಂದು ಕೈ, ಒತ್ತೋಕೆ ಇನ್ನೊಂದು. ನಾನು ಮಾಡೋದು ಹೀಗೆ: ಕಡಿದ ಗರಿಯನ್ನ ನೆರಳಿಗೆ ತಂದು, ಸ್ಟ್ಯಾಂಡಿಗೆ ಫೋನು ಹಾಕಿ, ಕ್ಯಾಮೆರಾದಲ್ಲಿ ಮೂರು ಸೆಕೆಂಡ್ ಟೈಮರ್ ಇಟ್ಟು, ಎರಡೂ ಕೈಲಿ ಎಲೆ ಬಿಡಿಸಿ ಹಿಡೀತೀನಿ. ಫೋನಿಗೂ ಎಲೆಗೂ ಒಂದು ಚೋಟಿನಷ್ಟು ದೂರ ಇರಲಿ, ತೀರಾ ಹತ್ತಿರ ತಂದ್ರೆ ಮಸುಕು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಹುಳ ಎಷ್ಟು ದೊಡ್ಡದು ಅಂತ ನೋಡೋರಿಗೆ ಗೊತ್ತಾಗುತ್ತೆ. ಇಂಥ ಫೋಟೋ ಮೂರು ಕಳಿಸಿದ್ರೆ ಸಾಕು. ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಗರಿ ಹೊತ್ತುಕೊಂಡು ಹೋಗಿ ಬರೋದು ಅರ್ಧ ದಿನದ ಕೆಲಸ. ಹೋಗಬೇಡಿ ಅಂತಲ್ಲ, ಹೋಗೋ ಮೊದಲು ಫೋಟೋ ಸರಿಯಾಗಿ ಕಳಿಸಿ.

ಅವ್ವನ ಕಥೆ ಸಣ್ಣದು. ಅವಳ ಹೆಸರಲ್ಲಿ ಎರಡು ಎಕರೆ ಇದೆ, ಪಿ.ಎಂ. ಕಿಸಾನ್ ದುಡ್ಡು ವರ್ಷಕ್ಕೆ ಮೂರು ಕಂತು, ಒಟ್ಟು 6,000 ಬರುತ್ತೆ. ಅದಕ್ಕೆ ಇ-ಕೆವೈಸಿ ಆಗಬೇಕಲ್ಲ. ಬೆರಳಚ್ಚು ತಗೊಳಲ್ಲ, ಎಪ್ಪತ್ತು ವರ್ಷ ಕಳೆ ಕಿತ್ತ ಬೆರಳು ಸವೆದು ನುಣ್ಣಗಾಗಿದೆ. ಮುಖ ತೋರಿಸಿ ಮಾಡೋ ಆ್ಯಪ್ ಇದೆ. ಫೋನು ಅವಳ ಕೈಗೆ ಕೊಟ್ಟರೆ ಕೈ ನಡುಗುತ್ತೆ. ನಾನು ಹಿಡಿದ್ರೆ ಅವಳು ಫೋನು ಬಿಟ್ಟು ನನ್ನ ಮುಖ ನೋಡ್ತಾಳೆ. ಕಣ್ಣು ಮಿಟುಕಿಸಿ ಅನ್ನುತ್ತೆ ಆ್ಯಪು, ನಾನು "ಅವ್ವ, ಕಣ್ಣು ಮಿಟುಕಿಸವ್ವ" ಅಂದ್ರೆ "ಯಾಕ್ಲಾ?" ಅಂತ ಬಾಯಿ ಬಿಡ್ತಾಳೆ. ಫೇಲ್. ಐದು ಸಲ ಫೇಲ್. ಮಟ್ಟೆ ಸ್ಟ್ಯಾಂಡಿಗೆ ಫೋನು ಒರಗಿಸಿ, ಎದುರಿಗೆ ಕಿಟಕಿ ಬೆಳಕು ಬರೋ ಹಾಗೆ ಕೂರಿಸಿ, ನಾನು ಹಿಂದೆ ಹೋಗಿ ನಿಂತೆ. ಎರಡನೇ ಸಲಕ್ಕೆ ಆಯ್ತು. ಇದನ್ನ ಓದ್ತಿರೋ ಎಷ್ಟೋ ಜನರ ಮನೇಲಿ ಇದೇ ಗೋಳಿದೆ ಅಂತ ಗೊತ್ತು, ಪ್ರಯತ್ನ ಮಾಡಿ ನೋಡಿ.

ಈಗ ಬೇಡ ಅನ್ನೋ ಜಾಗಗಳು. ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಟ್ರ್ಯಾಕ್ಟರ್ ಸ್ಟೇರಿಂಗ್ ಮುಂದೆ ಸ್ಟ್ಯಾಂಡ್ ಹಾಕಿ ಸಿನಿಮಾ ನೋಡ್ತಾ ರೋಟವೇಟರ್ ಹೊಡೆಯೋ ಹುಡುಗರನ್ನ ಈ ಮುಂಗಾರಲ್ಲಿ ನಾನೇ ಇಬ್ಬರನ್ನ ನೋಡಿದೆ. ಒಬ್ಬ ನನ್ನ ಹೊಲದಲ್ಲೇ. ಇಳಿಸಿ ಕಳಿಸಿದೆ, ಅವನ ಓನರ್ ನನ್ನ ಮೇಲೆ ಮುನಿಸ್ಕೊಂಡ. ಮುನಿಸ್ಕೊಳ್ಳಲಿ. ರೋಟವೇಟರ್ ಹಿಂದೆ ಮಕ್ಕಳು ಬರ್ತಾರೆ, ಹುಳ ತಿನ್ನೋಕೆ ಬೆಳ್ಳಕ್ಕಿ ಬಂದ ಹಾಗೆ. ಹಿಂದೆ ತಿರುಗಿ ನೋಡಬೇಕಾದ ಕಣ್ಣು ಫೋನಲ್ಲಿ ಇದ್ರೆ ಆಮೇಲೆ ಯಾವ ದೇವರೂ ಬರಲ್ಲ. ಕೂಲಿ ಕೊಡೋರು ನಾವು, ಹೇಳೋ ಹಕ್ಕು ನಮಗಿದೆ. ನೀವೂ ಹೇಳಿ. ಬೈಕಿನ ಹ್ಯಾಂಡಲ್ ಮೇಲೆ ದಾರಿ ನೋಡೋಕೆ ಹಾಕ್ಕೊಳ್ಳೋದು ಬೇರೆ, ಅದರಲ್ಲಿ ವಿಡಿಯೋ ಓಡಿಸೋದು ಬೇರೆ.

ಮೋಟಾರಿನ ಸ್ಟಾರ್ಟರ್ ಬಾಕ್ಸ್ ಮೇಲೆ ಫೋನು ನಿಲ್ಲಿಸಬೇಡಿ. ಒದ್ದೆ ಕೈ, ತಗಡಿನ ಬಾಕ್ಸು, ಬೀಳೋ ಫೋನನ್ನ ಹಿಡಿಯೋಕೆ ಹೋಗೋ ಅವಸರ, ಇಷ್ಟು ಸಾಕು. ಮೆಕ್ಯಾನಿಕ್ಕಿಗೆ ತೋರಿಸೋದಿದ್ರೆ ಮೇನ್ ಆಫ್ ಮಾಡಿ, ಎದುರಿನ ಗೋಡೆ ಕಡೆ ಸ್ಟ್ಯಾಂಡ್ ಇಟ್ಟು ತೋರಿಸಿ.

ಬಿಸಿಲು. ಫೋನುಗಳನ್ನ 35 ಡಿಗ್ರಿ ಒಳಗಿನ ಹವೆಯಲ್ಲಿ ಬಳಸಿ ಅಂತ ಮಾಡಿದವರೇ ಹೇಳಿರ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಬರಿ ಹೊಲದಲ್ಲಿ ಸ್ಟ್ಯಾಂಡಿಗೆ ಹಾಕಿ ಬಿಟ್ಟರೆ ಹತ್ತು ನಿಮಿಷಕ್ಕೆ ಸ್ಕ್ರೀನ್ ಮಂಕಾಗಿ ತಾನೇ ಆಫ್ ಆಗುತ್ತೆ, ಬ್ಯಾಟರಿ ಆಯಸ್ಸೂ ಕಮ್ಮಿ ಆಗುತ್ತೆ. ಕೈಲಿ ಹಿಡಿದಾಗ ನಮಗೇ ಬಿಸಿ ತಾಕಿ ನೆರಳಿಗೆ ಹೋಗ್ತೀವಿ, ಸ್ಟ್ಯಾಂಡಿಗೆ ಬಿಸಿ ತಾಕಲ್ಲ. ಔಷಧಿ ಹೊಡೆಯುವಾಗಂತೂ ಫೋನು ಹೊಲದಲ್ಲೇ ಬೇಡ. ಆ ಹನಿ ಕೂತ ಫೋನನ್ನೇ ಸಂಜೆ ಮಗು ಕೈಗೆ ಕೊಡ್ತೀವಿ.

ಇನ್ನೊಂದು ವಿಷಯದಲ್ಲಿ ನನಗೇ ಪೂರ್ತಿ ತೀರ್ಮಾನ ಆಗಿಲ್ಲ. ಕೊಬ್ಬರಿ ತೂಕ ಹಾಕುವಾಗ, ಎಳನೀರು ಎಣಿಸುವಾಗ ಎದುರಿಗೆ ಫೋನು ನಿಲ್ಲಿಸಿ ವಿಡಿಯೋ ಮಾಡ್ಕೊಳ್ಳಿ ಅಂತ ನಮ್ಮ ಹುಡುಗರು ಹೇಳ್ತಾರೆ. ಎಣಿಕೆಯಲ್ಲಿ ಮೋಸ ಹೋಗಿರೋನು ನಾನೂ ಹೌದು, ಹಾಗಾಗಿ ಬೇಡ ಅನ್ನೋಕೆ ಬಾಯಿ ಬರಲ್ಲ. ಆದರೆ ಕದ್ದು ಇಡೋದು ನನಗೆ ಹಿಡಿಸಲ್ಲ. ಹತ್ತು ವರ್ಷದಿಂದ ಬರೋ ವ್ಯಾಪಾರಿ, ಮಗಳ ಮದುವೆಗೆ ಮುಂಗಡ ಕೊಟ್ಟೋನು. ನಾನು ಮಾಡಿದ್ದು, ಸ್ಟ್ಯಾಂಡನ್ನ ಎಲ್ಲರಿಗೂ ಕಾಣೋ ಹಾಗೆ ಇಟ್ಟು, "ಸಾಬ್ರೆ, ಮರೆತುಹೋಗ್ತೀನಿ, ಲೆಕ್ಕಕ್ಕೆ ಇರಲಿ" ಅಂದೆ. ಅವರು ಒಂದು ಕ್ಷಣ ನೋಡಿ, "ಇರಲಿ ಬಿಡಿ, ನನಗೂ ಒಂದು ಕಳಿಸಿ" ಅಂದ್ರು. ಅವತ್ತು ಎಣಿಕೆ ನಿಧಾನವಾಗಿ, ಸರಿಯಾಗಿ ಆಯ್ತು. ಎಲ್ಲರ ಹತ್ತಿರವೂ ಇಷ್ಟು ಸಲೀಸಾಗಿ ಆಗುತ್ತೆ ಅಂತ ಹೇಳಲಾರೆ. ನಿಮ್ಮ ಅನುಭವ ಏನು, ಬರೀರಿ.

ರೀಲ್ಸ್ ಬಗ್ಗೆ ಕೇಳಿದ ಅಣ್ಣನಿಗೂ ಉತ್ತರ ಕೊಡಬೇಕಲ್ಲ. ಹೌದು, ಈ ಸ್ಟ್ಯಾಂಡು ಬಂದ ಮೇಲೆ ನನ್ನ ಮಗನೂ ರಜೇಲಿ ಎರಡು ದಿನ ಬದು ಮೇಲೆ ಇಟ್ಕೊಂಡು ನೇಗಿಲು ಹಿಡಿದ ಹಾಗೆ ನಟನೆ ಮಾಡಿದ. ನಮ್ಮನೇಲಿ ನೇಗಿಲು ಕಟ್ಟಿ ಹನ್ನೆರಡು ವರ್ಷ ಆಯ್ತು. ನಗು ಬಂತು, ಬೈಯಲಿಲ್ಲ. ಮೂರನೇ ದಿನ ಅದೇ ಸ್ಟ್ಯಾಂಡಲ್ಲಿ ಡ್ರಿಪ್ ಫಿಲ್ಟರ್ ಬಿಚ್ಚಿ ತೊಳೆಯೋದನ್ನ ನನಗೋಸ್ಕರ ವಿಡಿಯೋ ಮಾಡಿಟ್ಟ, ಅವನು ಹಾಸ್ಟೆಲ್ಲಿಗೆ ಹೋದ ಮೇಲೆ ನಾನು ನೋಡ್ಕೊಂಡು ಮಾಡ್ಲಿ ಅಂತ. ಎರಡೂ ಅದೇ ಮೂರು ಕಾಲಿನ ಮೇಲೆ ಆಗಿದ್ದು.

ದನದ ವಿಷಯಕ್ಕೆ ಒಂದು ಮಾತು ಸೇರಿಸ್ತೀನಿ, ಯಾರೂ ತಪ್ಪು ತಿಳ್ಕೋಬಾರದು. ವಿಡಿಯೋ ಕಾಲ್ ಇದೆ, ಸ್ಟ್ಯಾಂಡ್ ಇದೆ ಅಂತ ನಾವೇ ಡಾಕ್ಟ್ರು ಆಗೋಕೆ ಹೋಗಬಾರದು. ನೀರಿನ ಚೀಲ ಒಡೆದು ಒಂದು ಗಂಟೆ ಆದರೂ ಮುಂದಕ್ಕೆ ಹೋಗದಿದ್ರೆ, ಒಂದೇ ಕಾಲು ಅಥವಾ ಬರೀ ಬಾಲ ಕಂಡರೆ, ಕಾಯಬೇಡಿ. ನಿಮ್ಮ ಡಾಕ್ಟ್ರು ಸಿಗದಿದ್ರೆ 1962ಕ್ಕೆ ಕರೆ ಮಾಡಿ, ಅದು ಪಶು ಸಂಚಾರಿ ಆಸ್ಪತ್ರೆಯ ನಂಬರು. ಅವರು ಹೇಳದೆ ಒಳಗೆ ಕೈ ಹಾಕಬೇಡಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯೋ ಹುಚ್ಚಂತೂ ಬೇಡವೇ ಬೇಡ. ಸ್ಟ್ಯಾಂಡ್ ಮಾಡೋದು ಡಾಕ್ಟ್ರು ಬರೋವರೆಗೆ ಅವರ ಕಣ್ಣನ್ನ ಕೊಟ್ಟಿಗೆಗೆ ತರೋದು, ನಿಮ್ಮ ಮನೆಯವರ ಕೈ ಬಿಡಿಸೋದು.

ಇದನ್ನ ಹಾಕೋ ಮೊದಲು ನಮ್ಮ ಮನೆಯವಳಿಗೆ ಓದಿ ಹೇಳಿದೆ. ಬೈದಿದ್ದನ್ನ ಬರೆದಿರೋದು ಸರಿ ಅಂದ್ಳು. "ಕೈ ಸಣ್ಣದು" ಅಂತ ಬರೆದಿದ್ದಕ್ಕೆ ನಕ್ಕಳು. ಆಮೇಲೆ, ಹುಟ್ಟಿದ ಕರು ಗಂಡೋ ಹೆಣ್ಣೋ ಅಂತ ಬರೆದೇ ಇಲ್ಲವಲ್ಲ ಅಂದ್ಳು. ಹೆಣ್ಣು. ಗಿಣ್ಣು ಹಾಲು ಮೊದಲ ಗಂಟೇಲೇ ಕುಡೀತು, ಈಗ ಹಗ್ಗ ಕಿತ್ತುಕೊಂಡು ಓಡೋ ಹಾಗಾಗಿದೆ.

ಕೊಟ್ಟಿಗೆ ಸ್ಟ್ಯಾಂಡು ಈಗ ಸಂಜೆ ಹೊತ್ತು ಕೊಟ್ಟಿಗೇಲಿ ಸಿಗ್ತಿಲ್ಲ. ಮಟ್ಟೆದು ಕುಳ್ಳು ಅಂತ ಅವ್ವ ಇದನ್ನೇ ಬಿಚ್ಚಿಸ್ಕೊಂಡು ಜಗಲಿ ಕಂಬಕ್ಕೆ ಕಟ್ಟಿಸ್ಕೊಂಡು, ಮುಂಬೈಯಲ್ಲಿರೋ ತಂಗಿ ಜತೆ ಅವರೆಕಾಯಿ ಬಿಡಿಸ್ತಾ ಮಾತಾಡ್ತಾಳೆ. ಎರಡೂ ಕೈಲಿ ಬಿಡಿಸ್ತಾಳೆ. ನಾಳೆ ಸಂತೆಗೆ ಹೋಗಿ ಇನ್ನೊಂದು ತರಬೇಕು. ಯಾರಿಗಾದ್ರೂ ಬೇಕಿದ್ರೆ ಇವತ್ತು ರಾತ್ರಿ ಒಳಗೆ ಹೇಳಿ, ಒಟ್ಟಿಗೆ ತಗೊಂಡ್ರೆ ಹತ್ತಿಪ್ಪತ್ತು ರೂಪಾಯಿ ಬಿಡ್ತಾನೆ.